ಆರು ನಿಮಿಷದ ನಡಿಗೆಗೆ ಯಾರ ಅಳತೆ?



ಶಹಾಬಾದಿನ ಫರ್ಸಿ ಖಣಿಯಲ್ಲಿ ವರ್ಷಾನುಗಟ್ಟಲೆ ದುಡಿದ ಐವತ್ತರ ಗಂಡಾಳೊಬ್ಬ ದವಾಖಾನೆಗೆ ಬಂದು, "ಸಾಹೇಬ್ರ, ಮೊದಲಿನಂಗ ನಡ್ಯಾಕ ಆಗವಲ್ದು, ನಡದ್ರ ದಮ್ಮು ಹತ್ತತದ" ಎಂದರೆ ಆ ಮಾತನ್ನು ವೈದ್ಯರು ಹೇಗೆ ತೂಗಬೇಕು? ಎಕ್ಸ್‌ರೇ ಶ್ವಾಸಕೋಶದ ಕಲೆಯನ್ನು ತೋರಿಸುತ್ತದೆ, ಇಸಿಜಿ ಹೃದಯದ ಲಯವನ್ನು ತೋರಿಸುತ್ತದೆ, ರಕ್ತಪರೀಕ್ಷೆ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಹೇಳುತ್ತದೆ. ಆದರೆ ಅವನು ದೂರುತ್ತಿರುವುದು ಇವು ಯಾವುದರ ಬಗ್ಗೆಯೂ ಅಲ್ಲ, ನಡಿಗೆಯ ಬಗ್ಗೆ. ವಾಡಿ ಜಂಕ್ಷನ್ನಿನಲ್ಲಿ ಮೇಲ್ಸೇತುವೆ ದಾಟಿ ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗುವಾಗ, ಹೊಲದಿಂದ ತೊಗರಿ ಕಟ್ಟಿಗೆಯ ಹೊರೆ ಹೊತ್ತು ಬರುವಾಗ ದೇಹದ ಎಲ್ಲ ಅಂಗಗಳೂ ಒಟ್ಟಾಗಿ ದುಡಿಯುತ್ತವೆ. ಹೃದಯ, ಶ್ವಾಸಕೋಶ, ರಕ್ತ, ಕಾಲಿನ ಸ್ನಾಯು, ಮನಸ್ಸಿನ ಹುರುಪು, ಇವೆಲ್ಲದರ ಕೂಡಿಕೆಯೇ ನಡಿಗೆಯ ತಾಕತ್ತು. ಅದನ್ನು ಅಳೆಯುವುದು ಕಷ್ಟವಲ್ಲ. ಅಳೆದು ಬಂದ ಅಂಕಿಯನ್ನು ಯಾವುದರ ಪಕ್ಕದಲ್ಲಿಟ್ಟು ನೋಡಬೇಕು, ಆರೋಗ್ಯವಂತ ಮನುಷ್ಯ ಇಷ್ಟು ನಡೆಯಬೇಕು ಎಂದು ಮೊದಲೇ ಹೇಳುವುದು ಹೇಗೆ, ಅದು ಕಷ್ಟ. ಈ ಹೊತ್ತಿನ ಮಾತು ಅದರ ಬಗ್ಗೆ.

ಅಳತೆಯ ವಿಧಾನವನ್ನು ಮೊದಲು ನೋಡೋಣ. 1968ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಓಡಬಲ್ಲರು ಎಂಬುದರ ಮೇಲೆ ದೇಹದ ಕ್ಷಮತೆಯನ್ನು ಅಂದಾಜು ಮಾಡುವ ಪರೀಕ್ಷೆಯನ್ನು ಪ್ರಕಟಿಸಿದರು. 1976ರಲ್ಲಿ ಬ್ರಿಟನ್ನಿನ ವೈದ್ಯರು ಹಳೆಯ ಕೆಮ್ಮು-ದಮ್ಮಿನ ರೋಗಿಗಳಿಗೆಂದು ಓಟವನ್ನು ನಡಿಗೆಯಾಗಿ ಬದಲಿಸಿದರು. ಉಸಿರು ಕಟ್ಟಿದವರಿಗೆ ಹನ್ನೆರಡು ನಿಮಿಷವೂ ದೀರ್ಘವಾಯಿತೆಂದು 1982ರಲ್ಲಿ ಎರಡು, ಆರು, ಹನ್ನೆರಡು ನಿಮಿಷಗಳ ನಡಿಗೆಗಳನ್ನು ಹೋಲಿಸಿ ನೋಡಲಾಯಿತು. ಮುಂದೆ ಬಳಕೆಯಲ್ಲಿ ನೆಲೆನಿಂತದ್ದು ಆರು ನಿಮಿಷ. 2002ರಲ್ಲಿ ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ ಅದಕ್ಕೊಂದು ಕಟ್ಟುನಿಟ್ಟಾದ ಕ್ರಮ ಹಾಕಿಕೊಟ್ಟಿತು. ಮೂವತ್ತು ಮೀಟರಿನ ಸಪಾಟು ಪಡಸಾಲೆ, ಎರಡು ತುದಿಗೆ ಗುರುತು, ಒಂದು ಕುರ್ಚಿ, ಒಂದು ಸ್ಟಾಪ್‌ವಾಚ್. ಆರು ನಿಮಿಷದಲ್ಲಿ ಸಾಧ್ಯವಾದಷ್ಟು ದೂರ ನಡೆಯಬೇಕು, ಓಡಬಾರದು. ದಣಿವಾದರೆ ನಿಲ್ಲಬಹುದು, ಗೋಡೆಗೆ ಒರಗಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಪರೀಕ್ಷೆ ಮಾಡುವವರು ಜೊತೆಗೆ ಹೆಜ್ಜೆ ಹಾಕುವಂತಿಲ್ಲ, ಹಾಕಿದರೆ ಅವರ ವೇಗ ಇವರ ವೇಗವಾಗುತ್ತದೆ. ನಿಮಿಷಕ್ಕೊಮ್ಮೆ ಮೊದಲೇ ಗೊತ್ತುಮಾಡಿದ ಒಂದು ಮಾತು ಹೇಳಬೇಕು, ಅದಕ್ಕಿಂತ ಹೆಚ್ಚಿನ ಹುರಿದುಂಬಿಕೆ ಕೂಡದು. ಇಷ್ಟೊಂದು ಬಿಗಿ ಯಾಕೆಂದರೆ, ಬರೀ ಪ್ರೋತ್ಸಾಹದ ಮಾತಿನಿಂದಲೇ ಸುಮಾರು ಮೂವತ್ತು ಮೀಟರು ಹೆಚ್ಚಾಗುತ್ತದೆ ಎಂದು 1984ರಲ್ಲೇ ಗೊತ್ತಾಗಿತ್ತು. ಔಷಧಿಯಿಂದ ರೋಗಿಗೆ ಗುಣ ಕಂಡಿದೆ ಎನ್ನಲು ಈಗ ಒಪ್ಪಿರುವ ಕನಿಷ್ಠ ಹೆಚ್ಚಳವೂ ಸುಮಾರು ಮೂವತ್ತು ಮೀಟರೇ. ಮಾತು ಮತ್ತು ಮದ್ದು ಸಮಸಮ ಆಗಿಬಿಟ್ಟರೆ ಪರೀಕ್ಷೆಗೆ ಅರ್ಥವಿರುವುದಿಲ್ಲ.

ನಮ್ಮ ಖಣಿಯ ಮನುಷ್ಯ ಆರು ನಿಮಿಷದಲ್ಲಿ 450 ಮೀಟರು ನಡೆದ ಎಂದಿಟ್ಟುಕೊಳ್ಳಿ. ಇದು ಚೆನ್ನಾಗಿದೆಯೋ, ಕಡಿಮೆಯೋ? ಹೃದಯ ಸೋತವರಲ್ಲಿ 300 ಮೀಟರು, ಶ್ವಾಸನಾಳದ ದೀರ್ಘಕಾಲದ ರೋಗದಲ್ಲಿ 350 ಮೀಟರು ದಾಟದವರಿಗೆ ಅಪಾಯ ಹೆಚ್ಚು ಎಂಬುದು ತಿಳಿದಿದೆ. ಅದು ರೋಗ ಗೊತ್ತಾದವರ ಲೆಕ್ಕ. ರೋಗ ಇದೆಯೋ ಇಲ್ಲವೋ ಎಂಬ ಅನುಮಾನದಲ್ಲಿರುವವರಿಗೆ ಆರೋಗ್ಯವಂತರ ಲೆಕ್ಕ ಬೇಕು. ಅದಕ್ಕಾಗಿ 1998ರಲ್ಲಿ ಎನ್‌ರೈಟ್ ಮತ್ತು ಶೆರಿಲ್ ಎಂಬಿಬ್ಬರು ಅಮೆರಿಕದಲ್ಲಿ ನಲವತ್ತರಿಂದ ಎಂಬತ್ತು ವಯಸ್ಸಿನ 117 ಗಂಡಸರು, 173 ಹೆಂಗಸರನ್ನು ನಡೆಸಿ ಒಂದು ಸೂತ್ರ ಕಟ್ಟಿದರು. ಎತ್ತರ, ವಯಸ್ಸು, ತೂಕ ಹೇಳಿದರೆ ಸೂತ್ರ ಮೀಟರು ಹೇಳುತ್ತದೆ. ಗಂಡಸರಿಗಾದರೆ ಬಂದ ಅಂಕಿಯಿಂದ 153 ಮೀಟರು, ಹೆಂಗಸರಿಗೆ 139 ಮೀಟರು ಕಳೆದರೆ ಸಹಜದ ಕೆಳಮಿತಿ. ಅದರ ಕೆಳಗೆ ಬಿದ್ದವರ ಬಗ್ಗೆ ಸಂಶಯ ಪಡಬೇಕು. ಮರುವರ್ಷವೇ ಬೆಲ್ಜಿಯಮ್ಮಿನಲ್ಲಿ ಟ್ರೂಸ್ಟರ್ಸ್ ಮತ್ತು ಸಂಗಡಿಗರು ಐವತ್ತರಿಂದ ಎಂಬತ್ತೈದರ 51 ಜನರ ಮೇಲೆ ತಮ್ಮದೊಂದು ಸೂತ್ರ ಕೊಟ್ಟರು. 2014ರಲ್ಲಿ 'ಲಂಗ್ ಇಂಡಿಯಾ' ಪತ್ರಿಕೆಯಲ್ಲಿ ರಾಮನಾಥನ್ ಮತ್ತು ಚಂದ್ರಶೇಖರನ್ ಅವರು ಇಪ್ಪತ್ತೈದರಿಂದ ಎಂಬತ್ತು ವಯಸ್ಸಿನ ಭಾರತೀಯರಿಗೆಂದು ಇನ್ನೊಂದು ಸೂತ್ರ ಪ್ರಕಟಿಸಿದರು.

ಈಗ ಐವತ್ತು ವರ್ಷ, 165 ಸೆಂಟಿಮೀಟರು ಎತ್ತರ, 55 ಕಿಲೋ ತೂಕದ ಆ ಒಬ್ಬನೇ ಮನುಷ್ಯನನ್ನು ಮೂರೂ ಸೂತ್ರಗಳಲ್ಲಿ ಹಾಯಿಸಿ ನೋಡಿ. ಬೆಲ್ಜಿಯಮ್ಮಿನ ಸೂತ್ರದ ಪ್ರಕಾರ ಅವನು 752 ಮೀಟರು ನಡೆಯಬೇಕು. ಅಮೆರಿಕದ ಪ್ರಕಾರ 592. ಭಾರತದ ಪ್ರಕಾರ 509. ಅವನು ನಡೆದ 450 ಮೀಟರು ಮೊದಲನೆಯದರಲ್ಲಿ ಶೇಕಡಾ 60, ಎರಡನೆಯದರಲ್ಲಿ ಶೇಕಡಾ 76, ಮೂರನೆಯದರಲ್ಲಿ ಶೇಕಡಾ 88. ಒಂದು ಕಡೆ ಅವನು ಗಟ್ಟಿ ರೋಗಿ, ಇನ್ನೊಂದು ಕಡೆ ಗಡಿಯಂಚಿನವನು, ಮತ್ತೊಂದು ಕಡೆ ಹೆಚ್ಚುಕಡಿಮೆ ನೆಟ್ಟಗಿರುವವನು. ಮನುಷ್ಯ ಅವನೇ, ಕಾಲು ಅವೇ, ನಡೆದ ನೆಲವೂ ಅದೇ. ಬದಲಾದದ್ದು ಅವನನ್ನು ಯಾರ ಪಕ್ಕ ನಿಲ್ಲಿಸಿದೆವು ಎಂಬುದು ಮಾತ್ರ.

ಈ ಅಂತರಕ್ಕೆ ಒಂದು ಭಾಗ ಕಾರಣ ವಿಧಾನ. ಬೆಲ್ಜಿಯಮ್ಮಿನವರು ಐವತ್ತು ಮೀಟರಿನ ಪಡಸಾಲೆ ಬಳಸಿದರು. ಪಡಸಾಲೆ ಉದ್ದವಾದಷ್ಟೂ ತಿರುವು ಕಡಿಮೆ, ವೇಗ ಹೆಚ್ಚು. ಮೊದಲ ಸಲಕ್ಕಿಂತ ಎರಡನೆಯ ಸಲ ಜನ ಹೆಚ್ಚು ದೂರ ನಡೆಯುತ್ತಾರೆ. ಎರಡು ಸಲ ನಡೆಸಿ ಒಳ್ಳೆಯದನ್ನು ಹಿಡಿದರೆ ಸರಾಸರಿ ಏರುತ್ತದೆ. ಆದರೆ ವಿಧಾನವೊಂದೇ ಕಾರಣವಲ್ಲ. 2011ರಲ್ಲಿ ಕಾಸನೋವಾ ಮತ್ತು ಸಂಗಡಿಗರು ಏಳು ದೇಶಗಳ 444 ಆರೋಗ್ಯವಂತರನ್ನು ಒಂದೇ ಕ್ರಮದಲ್ಲಿ ನಡೆಸಿದರು. ಸರಾಸರಿ 571 ಮೀಟರು ಬಂತು, ಆದರೆ ಊರಿಂದ ಊರಿಗೆ ವ್ಯತ್ಯಾಸ ಉಳಿದೇ ಇತ್ತು. ಎತ್ತರ, ವಯಸ್ಸು, ತೂಕ ಸರಿದೂಗಿಸಿದರೂ ಅದು ಹೋಗಲಿಲ್ಲ. ಎನ್‌ರೈಟ್ ಅವರ ಸೂತ್ರವೂ ಜನರ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇಕಡಾ ನಲವತ್ತನ್ನು ಮಾತ್ರ ವಿವರಿಸುತ್ತದೆ. ಉಳಿದ ಅರವತ್ತು ತಕ್ಕಡಿಗೂ ಟೇಪಿಗೂ ಸಿಗದ್ದು: ದಿನಾ ನಡೆಯುವ ರೂಢಿ, ತೊಡೆಯ ಬಲ, ಬಾಲ್ಯದಲ್ಲಿ ಉಂಡದ್ದು, ಹಿಡಿದ ಕೆಲಸ, ಆ ಹೊತ್ತಿನ ಮನಸ್ಸು. ಹಾಗಾಗಿ ಸೂತ್ರ ಹೇಳುವ ಅಂಕಿ ನಿಮ್ಮ ಅಂಕಿಯಲ್ಲ. ನಿಮ್ಮ ವಯಸ್ಸು, ಎತ್ತರ, ತೂಕದ ಬೇರೆಯವರು ಎಲ್ಲೋ ಒಂದು ಕಡೆ ಸರಾಸರಿ ಎಷ್ಟು ನಡೆದರು ಎಂಬ ವರದಿ ಅದು.

ಇದನ್ನು ಕೇಳಿದವರು ಕೂಡಲೇ ಹೇಳುವ ಪರಿಹಾರ ಒಂದಿದೆ: ಪರದೇಶದ ಸೂತ್ರ ಬಿಡಿ, ನಮ್ಮದೇ ಸೂತ್ರ ಮಾಡಿಕೊಳ್ಳಿ. ಕಲ್ಯಾಣ ಕರ್ನಾಟಕದ ಸೇಡಂ, ಚಿತ್ತಾಪುರ, ಚಿಂಚೋಳಿಯ ಆರೋಗ್ಯವಂತರನ್ನು ನಡೆಸಿ, ಇಲ್ಲಿನವರಿಗೆ ಇಲ್ಲಿನದೇ ಅಳತೆ ಇಡಿ. ಇದರಲ್ಲಿ ನ್ಯಾಯವಿದೆ. ಬಿಳಿಯರ ಸೂತ್ರಗಳು ಏಷ್ಯಾದವರ ನಡಿಗೆಯನ್ನು ಇರುವುದಕ್ಕಿಂತ ಹೆಚ್ಚಾಗಿ ಅಂದಾಜು ಮಾಡುತ್ತವೆ ಎಂದು 2006ರಲ್ಲಿ ಸಿಂಗಪುರದ ಅಧ್ಯಯನವೂ ತೋರಿಸಿತು. ಆದರೆ ಭಾರತದ ಸೂತ್ರದೊಳಗೆ ಒಂದು ಸಣ್ಣ ಚಿಹ್ನೆ ಇದೆ, ಅದನ್ನು ಹತ್ತಿರದಿಂದ ನೋಡಬೇಕು. ಅಮೆರಿಕದ ಗಂಡಸರ ಸೂತ್ರದಲ್ಲಿ ತೂಕ ಒಂದು ಕಿಲೋ ಹೆಚ್ಚಿದರೆ ನಡಿಗೆ 1.76 ಮೀಟರು ಕಡಿಮೆಯಾಗುತ್ತದೆ. ಭಾರತದ ಗಂಡಸರ ಸೂತ್ರದಲ್ಲಿ ಒಂದು ಕಿಲೋ ಹೆಚ್ಚಿದರೆ ನಡಿಗೆ ಸುಮಾರು ಒಂದೂವರೆ ಮೀಟರು ಹೆಚ್ಚಾಗುತ್ತದೆ. ಅಲ್ಲಿ ಕಳೆಯುವ ಚಿಹ್ನೆ, ಇಲ್ಲಿ ಕೂಡುವ ಚಿಹ್ನೆ. ಅಲ್ಲಿ ಹೆಚ್ಚಿನ ತೂಕವೆಂದರೆ ಬಹುಮಟ್ಟಿಗೆ ಕೊಬ್ಬು, ಕಾಲಿಗೆ ಭಾರ. ಇಲ್ಲಿ ತೂಕವೆಂದರೆ ಹೊಟ್ಟೆತುಂಬ ಉಂಡು ಬೆಳೆದ ಸ್ನಾಯು ಇರಬಹುದು. ಹಾಗಿದ್ದ ಪಕ್ಷದಲ್ಲಿ ನಮ್ಮ ಸರಾಸರಿ ಕಡಿಮೆ ಇರುವುದು ನಮ್ಮ ಮೈಯ ಗುಣದಿಂದಷ್ಟೇ ಅಲ್ಲ, ನಮ್ಮ ತಾಟಿನಲ್ಲಿ ಬಿದ್ದದ್ದರಿಂದಲೂ ಹೌದು.

ಸ್ಥಳೀಯ ಸೂತ್ರದ ಅಪಾಯ ಶುರುವಾಗುವುದು ಇಲ್ಲಿಂದಲೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8 ಜನರಿಗೆ ರಕ್ತಹೀನತೆ ಇತ್ತು. ಚಿಂಚೋಳಿಯ ತಾಂಡಾದಲ್ಲೋ ಚಿತ್ತಾಪುರದ ಹಳ್ಳಿಯಲ್ಲೋ "ಏನೂ ಬ್ಯಾನಿ ಇಲ್ಲ" ಎನ್ನುವ ನೂರು ಹೆಂಗಸರನ್ನು ಆರೋಗ್ಯವಂತರೆಂದು ಆರಿಸಿ ನಡೆಸಿದರೆ, ಅವರಲ್ಲಿ ಅರ್ಧದಷ್ಟು ಜನರ ರಕ್ತದಲ್ಲಿ ಹಿಮೋಗ್ಲೋಬಿನ್ ಸಾಲದಿರುವ ಸಂಭವ ಉಂಟು. ಅವರು ಕಡಿಮೆ ನಡೆದ ಮೀಟರುಗಳು ಸೂತ್ರದೊಳಗೆ ಸೇರುತ್ತವೆ, ಸೂತ್ರ ಅದನ್ನೇ ಸಹಜ ಎನ್ನುತ್ತದೆ, ನಾಳೆ ಬಂದ ಇನ್ನೊಬ್ಬ ರಕ್ತಹೀನ ಹೆಂಗಸಿಗೆ "ನಿಮ್ಮ ನಡಿಗೆ ಸರಿಯಾಗಿಯೇ ಇದೆ" ಎಂದು ಹೇಳಿ ಮನೆಗೆ ಕಳಿಸುತ್ತದೆ. ಬಡತನವನ್ನು ಅಳೆದು ಅದಕ್ಕೆ ಆರೋಗ್ಯ ಎಂಬ ಮುದ್ರೆ ಒತ್ತಿದಂತಾಗುತ್ತದೆ. ದೂರದ ಸೂತ್ರ ನೆಟ್ಟಗಿರುವವನನ್ನು ರೋಗಿ ಎನ್ನುತ್ತದೆ. ಹತ್ತಿರದ ಸೂತ್ರ ಸೊರಗಿದವಳನ್ನು ಗಟ್ಟಿಮುಟ್ಟು ಎನ್ನುತ್ತದೆ.

ಇದು ಬರೀ ತರ್ಕದ ಭಯವಲ್ಲ, ಇನ್ನೊಂದು ಪರೀಕ್ಷೆಯಲ್ಲಿ ಆಗಿಹೋದದ್ದು. ಉಸಿರಿನ ತಾಕತ್ತನ್ನು ಅಳೆಯುವ ಸ್ಪೈರೊಮೆಟ್ರಿಯಲ್ಲಿ ಕಪ್ಪುಜನರ ಶ್ವಾಸಕೋಶ ಸಹಜವಾಗಿಯೇ ಚಿಕ್ಕದು ಎಂದು ದಶಕಗಳ ಕಾಲ ಅಂಕಿ ತಗ್ಗಿಸುತ್ತಿದ್ದರು. 1999ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕಲ್ನಾರಿನ ದೂಳಿನ ಪರಿಹಾರ ಕೇಳಿದ ಕಾರ್ಮಿಕರ ಮೊಕದ್ದಮೆಗಳಲ್ಲಿ ಕಂಪನಿಯೊಂದು ಇದನ್ನೇ ಹಿಡಿದು, ಕಪ್ಪು ಕಾರ್ಮಿಕರು ಪರಿಹಾರಕ್ಕೆ ಅರ್ಹರಾಗಬೇಕಾದರೆ ಬಿಳಿಯರಿಗಿಂತ ಹೆಚ್ಚು ಉಸಿರು ಕಳೆದುಕೊಂಡದ್ದನ್ನು ತೋರಿಸಬೇಕು ಎಂದು ವಾದಿಸಿತು. ಜನಾಂಗದ ಲೆಕ್ಕವಿಲ್ಲದ ಸೂತ್ರ ಬಳಸಿ ಎಂದು ಅಮೆರಿಕನ್ ಥೊರಾಸಿಕ್ ಸೊಸೈಟಿ ಹೇಳಿದ್ದು 2023ರಲ್ಲಿ. ನಮ್ಮ ಭಾಗಕ್ಕೆ ಈ ಪಾಠ ದೂರದ್ದಲ್ಲ. ಇಲ್ಲಿ ಶಹಾಬಾದ್ ಕಲ್ಲಿನ ಖಣಿಗಳಿವೆ, ಕಲ್ಲು ಕೊಯ್ದು ಪಾಲಿಶ್ ಹಿಡಿಯುವ ಯಂತ್ರಗಳಿವೆ, ವಾಡಿಯಲ್ಲಿ 1968ರಿಂದ ಸಿಮೆಂಟ್ ಕಾರ್ಖಾನೆ ಇದೆ, ಸೇಡಮ್ಮಿನಲ್ಲೂ ಮಳಖೇಡದಲ್ಲೂ ಇವೆ. ಸುಣ್ಣದ ಕಲ್ಲಿನಲ್ಲಿ ಮರಳುಗಲ್ಲಿನಷ್ಟು ಸಿಲಿಕಾ ಇಲ್ಲ, ನಿಜ. ಆದರೆ ಯಾವ ದೂಳೂ ಶ್ವಾಸಕೋಶಕ್ಕೆ ಹಿತವಲ್ಲ. ನಷ್ಟವನ್ನು ಶೇಕಡಾವಾರು ಎಣಿಸಿ ಪರಿಹಾರ ಕೊಡುವ ಕಡೆ, ಸಹಜದ ಅಂಕಿ ತಗ್ಗಿದಷ್ಟೂ ಕಾಗದದ ಮೇಲೆ ನಷ್ಟ ತಗ್ಗುತ್ತದೆ. ಕೆಲಸಕ್ಕೆ ತಕ್ಕವನೋ ಅಲ್ಲವೋ ಎಂದು ನೋಡುವ ಕಡೆ, ಸಹಜದ ಅಂಕಿ ಏರಿದಷ್ಟೂ ದುಡಿಯಬಲ್ಲವನ ಕೂಲಿ ಹೋಗುತ್ತದೆ.

ಹಾಗಾದರೆ ದಾರಿ ಯಾವುದು? ನಾನು ಹೇಳುವುದಿಷ್ಟೆ: ಒಬ್ಬ ಮನುಷ್ಯನ ಸಹಜ ನಡಿಗೆಯನ್ನು ಮುಂದಾಗಿ ತಿಳಿಯಲು ಎಲ್ಲಕ್ಕಿಂತ ನಂಬಬಹುದಾದ ಅಂಕಿ ಅವನೇ ಆರೋಗ್ಯವಾಗಿದ್ದಾಗ ನಡೆದ ಅಂಕಿ. ಅದನ್ನು ರೋಗ ಬರುವ ಮೊದಲೇ ಅಳೆದು ಒಂದು ಕಾರ್ಡಿನಲ್ಲಿ ಬರೆದಿಡಬೇಕು. ಒಂದು ಲೆಕ್ಕ ನೋಡಿ. ಮೂವತ್ತನೆಯ ವಯಸ್ಸಿನಲ್ಲಿ 640 ಮೀಟರು ನಡೆದವನು ನಲವತ್ತೈದರಲ್ಲಿ 500 ಮೀಟರು ನಡೆದ ಎನ್ನಿ. ಎತ್ತರ 165, ತೂಕ 55 ಇದ್ದರೆ ಭಾರತದ ಸೂತ್ರ ಅವನಿಗೆ 522 ಮೀಟರು ಹೇಳುತ್ತದೆ. 500 ಎಂದರೆ ಶೇಕಡಾ 96, ಪೂರ್ತಿ ಸಹಜ. ಆದರೆ ಅವನದೇ ಹಳೆಯ ಅಂಕಿಯ ಪಕ್ಕ ಇಟ್ಟರೆ 140 ಮೀಟರು ಹೋಗಿದೆ. ವಯಸ್ಸಿನಿಂದ ಹೋಗಬಹುದಾದದ್ದು ಭಾರತದ ಸೂತ್ರದಲ್ಲಿ ವರ್ಷಕ್ಕೆ ಎರಡೂವರೆ ಮೀಟರು, ಅಮೆರಿಕದ್ದರಲ್ಲಿ ಐದು. ಹದಿನೈದು ವರ್ಷಕ್ಕೆ ಮೂವತ್ತೆಂಟರಿಂದ ಎಪ್ಪತ್ತೈದು ಮೀಟರು. ಉಳಿದದ್ದು ಎಲ್ಲಿ ಹೋಯಿತು ಎಂದು ಆಗ ಕೇಳಲೇಬೇಕಾಗುತ್ತದೆ. ಸೂತ್ರದ ಕಣ್ಣಿಗೆ ಬೀಳದ ನಷ್ಟ ಹಳೆಯ ಕಾರ್ಡಿನ ಒಂದು ಸಾಲಿನಲ್ಲಿ ಸಿಕ್ಕಿಬೀಳುತ್ತದೆ. ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. ಗಣಿಗೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷ ಮೀರದಂತೆ ಮತ್ತೊಮ್ಮೆ ವೈದ್ಯಕೀಯ ತಪಾಸಣೆ ಮಾಡುವ ಪದ್ಧತಿ ಇದೆ. ಎಕ್ಸ್‌ರೇ ತೆಗೆಯುವ ಆ ದಿನವೇ ಆರು ನಿಮಿಷ ನಡೆಸಿ, ಮೀಟರನ್ನೂ ಬರೆಯಬಹುದು.

ಇದಕ್ಕೆ ಬರುವ ಆಕ್ಷೇಪಗಳು ಗಟ್ಟಿಯಾಗಿವೆ. ಮೊದಲನೆಯದು, ನಡಿಗೆ ಮನಸ್ಸಿನ ಕೈಯಲ್ಲಿದೆ. ಪರಿಹಾರದ ಆಸೆಗೆ ಬೇಕೆಂದೇ ನಿಧಾನ ನಡೆಯಬಹುದಲ್ಲ? ನಡೆಯಬಹುದು. ಅದಕ್ಕೇ ನಡಿಗೆಯ ಕೊನೆಗೆ ನಾಡಿ, ಆಕ್ಸಿಜನ್, ದಣಿವಿನ ಮಟ್ಟ ಮೂರನ್ನೂ ಬರೆಯುತ್ತಾರೆ. ಉಸಿರಿಗೆ ಕಷ್ಟಪಟ್ಟವನ ನಾಡಿ ಏರಿರುತ್ತದೆ, ಕಾಲು ಎಳೆದವನದು ಏರಿರುವುದಿಲ್ಲ. ಅಲ್ಲದೆ ಯಾವ ತಕರಾರೂ ಹುಟ್ಟುವ ಮೊದಲು, ಕೆಲಸ ಸಿಗಲಿ ಎಂಬ ಹುರುಪಿನಲ್ಲಿ ನಡೆದ ಮೊದಲ ಅಂಕಿಗಿಂತ ಪ್ರಾಮಾಣಿಕ ಸಾಕ್ಷಿ ಬೇರೆ ಸಿಗುವುದಿಲ್ಲ. ಎರಡನೆಯದು, ಗಟ್ಟಿ ಹರೆಯದವನಿಗೆ ಈ ಪರೀಕ್ಷೆ ತೀರ ಹಗುರ. ಓಡಬಾರದು ಎಂದಾಗ ಅವನ ಹೆಜ್ಜೆಯ ಉದ್ದವೇ ಮಿತಿ, ಹೃದಯದ ತಾಕತ್ತಲ್ಲ. ಹಾಗಾಗಿ ರೋಗದ ಮೊದಲ ಮೊಳಕೆ ಇಲ್ಲಿ ಕಾಣದೆ ಹೋಗಬಹುದು. ಇದನ್ನು ಒಪ್ಪಲೇಬೇಕು. ಮೊಳಕೆ ಹುಡುಕಲು ಎಕ್ಸ್‌ರೇ, ಸ್ಪೈರೊಮೆಟ್ರಿ ಇವೆ. ನಡಿಗೆ ಅವುಗಳ ಜಾಗ ಕಿತ್ತುಕೊಳ್ಳುವುದಿಲ್ಲ. ಆ ರೋಗ ಮನುಷ್ಯನ ದಿನದ ಬದುಕಿನಿಂದ ಎಷ್ಟನ್ನು ಕಸಿದಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ, ಮತ್ತು ಅದನ್ನು ಬೇರೆ ಯಾವ ಯಂತ್ರವೂ ಹೇಳುವುದಿಲ್ಲ.

ಮೂರನೆಯ ಆಕ್ಷೇಪ ಜಾಗದ್ದು, ಹವೆಯದ್ದು. ನಲವತ್ತೆರಡು ಡಿಗ್ರಿಯ ಬೇಸಿಗೆಯಲ್ಲಿ, ಇಕ್ಕಟ್ಟಾದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂವತ್ತು ಮೀಟರು ಎಲ್ಲಿಂದ ತರುವುದು? ಮೂವತ್ತು ಮೀಟರೆಂದರೆ ನೂರಡಿಗೆ ಕೊಂಚ ಕಡಿಮೆ. ಎರಡಡಿ ಫರ್ಸಿ ಹಾಸಿದ ನೆಲದಲ್ಲಿ ಐವತ್ತು ಕಲ್ಲಿನ ಒಂದು ಸಾಲು. ದವಾಖಾನೆಯಲ್ಲಿ ಇಲ್ಲದಿದ್ದರೆ ಶಾಲೆಯ ಪಡಸಾಲೆಯಲ್ಲಿ ಇರುತ್ತದೆ. ಟೇಪು ಹಿಡಿದು ಅಳೆದು ಬಣ್ಣದ ಗೆರೆ ಎಳೆದರೆ ಮುಗಿಯಿತು. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೇ ನಡೆಸಬೇಕು, ಮುಂದಿನ ಸಲವೂ ಅದೇ ಹೊತ್ತಿಗೆ, ಅದೇ ಪಡಸಾಲೆಯಲ್ಲಿ. ಸೀರೆಯ ನೆರಿಗೆ, ಸವೆದ ಚಪ್ಪಲಿ, ಬರಿಗಾಲು ಎಲ್ಲವೂ ಹೆಜ್ಜೆಯನ್ನು ಬದಲಿಸುತ್ತವೆ. ಅದನ್ನೂ ಅಂಕಿಯ ಪಕ್ಕ ಬರೆಯಬೇಕು. ತನ್ನನ್ನು ತನ್ನೊಂದಿಗೇ ಹೋಲಿಸುವಾಗ ಪರಿಸ್ಥಿತಿ ಉತ್ತಮವಾಗಿರುವುದಕ್ಕಿಂತ ಪ್ರತಿ ಸಲವೂ ಒಂದೇ ಆಗಿರುವುದು ಮುಖ್ಯ. ಇನ್ನೊಂದು ಎಚ್ಚರಿಕೆ: ಹಿಂದಿನ ತಿಂಗಳಲ್ಲಿ ಹೃದಯಾಘಾತವಾದವರನ್ನು, ಕುಳಿತಾಗಲೂ ಎದೆನೋವು ಬರುವವರನ್ನು ನಡೆಸಲೇಬಾರದು; ಕುಳಿತಾಗಲೇ ನಾಡಿ 120 ದಾಟಿದ್ದರೆ, ರಕ್ತದೊತ್ತಡ ತೀರ ಏರಿದ್ದರೆ ವೈದ್ಯರು ನೋಡುವವರೆಗೆ ನಡೆಸಬಾರದು. ಕೇಳುಗರು ಇದನ್ನು ಮನೆಯಲ್ಲಿ ಪಂಥಕ್ಕೆ ಮಾಡಬಾರದು.

ನಾಲ್ಕನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ತಪಾಸಣೆ ಸಿಗುವುದು ದೊಡ್ಡ ಗಣಿಯ ಕಾಯಂ ನೌಕರರಿಗೆ. ದೂಳು ಕುಡಿಯುವುದು ಸಣ್ಣ ಖಣಿಯವರು. ಆರು ಮೀಟರಿಗಿಂತ ಆಳವಿಲ್ಲದ, ಐವತ್ತಕ್ಕಿಂತ ಹೆಚ್ಚು ಜನರಿಲ್ಲದ, ಮದ್ದು ಹಾರಿಸದ ಕಲ್ಲಿನ ಖಣಿಗಳನ್ನು 1952ರ ಗಣಿ ಕಾಯ್ದೆಯೇ ತನ್ನ ಬಹುಪಾಲು ಕಲಮುಗಳಿಂದ ಹೊರಗಿಟ್ಟಿತ್ತು. ಸುಗ್ಗಿ ಮುಗಿದ ಮೇಲೆ ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವ ತಾಂಡಾದವರ ಕಾರ್ಡು ಯಾರ ಕಪಾಟಿನಲ್ಲಿ ಇರಬೇಕು? ಇದಕ್ಕೆ ಉತ್ತರ ಕಾರ್ಖಾನೆಯಲ್ಲಿಲ್ಲ, ಆರೋಗ್ಯ ಇಲಾಖೆಯಲ್ಲಿದೆ. ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ನೋಡುವ ಕಾರ್ಯಕ್ರಮ ಹಳ್ಳಿಯ ಮಟ್ಟದಲ್ಲಿ ನಡೆಯುತ್ತಿದೆ. ಆ ಸಾಲಿಗೆ ನಡಿಗೆಯನ್ನೂ ಸೇರಿಸಲು ಯಂತ್ರ ಕೊಳ್ಳಬೇಕಿಲ್ಲ. ಬೇಕಾದದ್ದು ಪ್ರತಿಯೊಬ್ಬರಿಗೂ ಹದಿನೈದು ನಿಮಿಷ ಮತ್ತು ಕ್ರಮ ಕಲಿತ ಒಬ್ಬ ನರ್ಸು. ಆ ಹದಿನೈದು ನಿಮಿಷವೂ ನಮ್ಮ ಕೇಂದ್ರಗಳಲ್ಲಿ ದುಬಾರಿ ಎಂಬುದು ನಿಜ. ಹಾಗಾಗಿ ಎಲ್ಲರಿಂದ ಶುರುಮಾಡುವುದು ಬೇಡ, ದೂಳಿನ ಕೆಲಸದವರಿಂದ ಶುರುಮಾಡೋಣ. ಕಾರ್ಡು ಮಾತ್ರ ಕೆಲಸ ಕೊಟ್ಟವರ ಬಳಿ ಅಲ್ಲ, ನಡೆದವರ ಕೈಯಲ್ಲಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಸೂತ್ರಗಳನ್ನು ಎಸೆಯಬೇಕೆ? ಬೇಡ. ಮೊದಲ ಅಂಕಿಯೇ ಇಲ್ಲದೆ ಬರುವವರು ಇನ್ನೂ ಬಹುಕಾಲ ಬರುತ್ತಲೇ ಇರುತ್ತಾರೆ. ಅವರಿಗೆ ಸೂತ್ರವೇ ಗತಿ. ಆದರೆ ಯಾವ ಸೂತ್ರ ಎಂದು ವರದಿಯಲ್ಲಿ ಹೆಸರಿಸಬೇಕು. ಶೇಕಡಾವಾರು ಒಂದನ್ನೇ ಬರೆಯದೆ ಕೆಳಮಿತಿಯನ್ನೂ ಬರೆಯಬೇಕು. ನಲವತ್ತು ದಾಟಿದವರ ಸೂತ್ರವನ್ನು ಇಪ್ಪತ್ತೈದರವನಿಗೆ ಹಚ್ಚಬಾರದು. ಹತ್ತಿರದ ಸೂತ್ರಕ್ಕೂ ದೂರದ್ದಕ್ಕೂ ಹೊಂದಿಕೆಯಾಗದಾಗ ಆ ಅಂತರವನ್ನು ತೀರ್ಪು ಎನ್ನದೆ, ರಕ್ತ, ತೂಕ, ಊಟ, ಕೆಲಸ ವಿಚಾರಿಸಲು ಸೂಚನೆ ಎಂದು ತಿಳಿಯಬೇಕು. ಕಲ್ಯಾಣ ಕರ್ನಾಟಕಕ್ಕೆಂದೇ ಒಂದು ಸೂತ್ರ ಕಟ್ಟುವವರು ಆರೋಗ್ಯವಂತರನ್ನು ಅವರ ಬಾಯಿಮಾತಿನಿಂದ ಆರಿಸದೆ, ಹಿಮೋಗ್ಲೋಬಿನ್ ಸರಿಯಿದೆಯೇ, ಎತ್ತರಕ್ಕೆ ತಕ್ಕ ತೂಕವಿದೆಯೇ, ದೂಳಿನಲ್ಲಿ ದುಡಿದಿಲ್ಲವೇ ಎಂದು ನೋಡಿ ಆರಿಸಬೇಕು. ಇಲ್ಲಿನ ಜನ ಈಗ ಎಷ್ಟು ನಡೆಯುತ್ತಾರೆ ಎಂಬುದು ಒಂದು ಪ್ರಶ್ನೆ, ಹಸಿವೂ ದೂಳೂ ಇಲ್ಲದಿದ್ದರೆ ಎಷ್ಟು ನಡೆಯಬಲ್ಲರು ಎಂಬುದು ಇನ್ನೊಂದು. ಸಹಜ ಎಂಬ ಮಾತನ್ನು ಎರಡನೆಯದಕ್ಕೆ ಮಾತ್ರ ಮೀಸಲಿಡಬೇಕು. ಅಂಥ ಸೂತ್ರ ಬರುವವರೆಗೆ, ಮತ್ತು ಬಂದ ಮೇಲೂ, ಖಣಿಗೆ ಅಥವಾ ಕಾರ್ಖಾನೆಗೆ ಸೇರುವ ದಿನ ನಿಮ್ಮ ತಪಾಸಣೆಯ ಕಾಗದದಲ್ಲಿ ರಕ್ತದೊತ್ತಡದ ಕೆಳಗೆ ಇನ್ನೊಂದು ಸಾಲು ಬರೆಸಿಕೊಳ್ಳಿ: ಆರು ನಿಮಿಷಕ್ಕೆ ಇಷ್ಟು ಮೀಟರು. ಅದರ ಒಂದು ಪ್ರತಿಯನ್ನು ಕೇಳಿ ಪಡೆಯಿರಿ.